ಲಿಂ. ಶಿವಕಾಂತಾ

ಸತ್ತವರ ಕಣ್ಣು ತೆರೆಸುವುದರಲ್ಲಿ ಆಳಂದದ ಲಾಡ್ಲೆಸಾಬನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಗಾಬರಿಯಾಗಬೇಡಿ, ಇದು ಮಾಟ ಮಂತ್ರದ ಮಾತಲ್ಲ, ಫೋಟೋದ ಮಾತು. ಬದುಕಿದ್ದಾಗ ಒಂದೇ ಒಂದು ಫೋಟೋ ತೆಗೆಸಿಕೊಳ್ಳದ ಮುದುಕರು ಹಳ್ಳಿಗಳಲ್ಲಿ ಬೇಕಾದಷ್ಟು. ಜೀವ ಹೋದ ಮೇಲೆ ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಬಳಿದು, ಹಾರ ಹಾಕಿ, ಆಗ ನೆನಪಾಗಿ ಸ್ಟುಡಿಯೋಕ್ಕೆ ಹೇಳಿ ಕಳಿಸುವರು. ಕಣ್ಣು ಮುಚ್ಚಿದ ಆ ಫೋಟೋದ ಮುಂದೆ ಲಾಡ್ಲೆಸಾಬ ಸಣ್ಣ ಕುಂಚ ಹಿಡಿದು ಕೂತನೆಂದರೆ, ಸಂಜೆಯ ಹೊತ್ತಿಗೆ ಮುದುಕ ಕಣ್ಣು ಬಿಟ್ಟು ನಿಮ್ಮನ್ನೇ ನೋಡುತ್ತಿದ್ದ. ಮನೆಯವರು ಅದನ್ನು ಕಂಡು ಗೊಳೋ ಎಂದು ಅತ್ತು, ಎದೆಗವಚಿಕೊಂಡು ಒಯ್ಯುತ್ತಿದ್ದರು.

ವಯಸ್ಸಾಗಿ ಅವನ ಕೈ ನಡುಗತೊಡಗಿತು. ತೊಂಬತ್ತೇಳರಲ್ಲಿ ಸೊಲ್ಲಾಪುರದಿಂದ ಒಂದು ಕಂಪ್ಯೂಟರು, ಒಂದು ಸ್ಕ್ಯಾನರು ತಂದಿಟ್ಟ. ಅದರ ಮುಂದೆ ಶಿವಕಾಂತಾಳನ್ನು ಕೂರಿಸಿದ.

ಶಿವಕಾಂತಾ ಜೇವರ್ಗಿ ತಾಲೂಕಿನ ಅಂದೋಲಾದವಳು. ಅಫಜಲಪುರದ ಕಡೆ ಕೊಟ್ಟಿದ್ದರು. ಗಂಡನ ಕೈಯಲ್ಲಿ ವರ್ಷಗಟ್ಟಲೆ ಹೊಡೆತ ತಿಂದು, ತೊಂಬತ್ತೆರಡರಲ್ಲಿ ಒಂದು ದಿನ ಉಟ್ಟ ಸೀರೆಯಲ್ಲೇ ಹೊರಬಿದ್ದಳು. ತವರಿಗೆ ಬಂದರೆ ಅವ್ವ ಹೀರಾಬಾಯಿ ಆಗಲೇ ತೀರಿಕೊಂಡಿದ್ದಳು. ಅಣ್ಣ ಚಂದ್ರಾಮಪ್ಪ ಬಾಯಿ ಬಿಟ್ಟು ಹೋಗೆನ್ನಲಿಲ್ಲ, ಇರೆನ್ನಲೂ ಇಲ್ಲ. ಅವನ ಹೆಂಡತಿ, ವೈನಿ ನಿಂಬೆವ್ವ, ಊಟದ ತಾಟನ್ನು ನೆಲಕ್ಕೆ ಕುಕ್ಕುವ ಸಪ್ಪಳವೇ ಎಲ್ಲವನ್ನೂ ಹೇಳುತ್ತಿತ್ತು. ಆ ಮನೆಯಲ್ಲಿ ಅವಳ ಕುತ್ತಿಗೆಗೆ ಜೋತುಬೀಳುತ್ತಿದ್ದವಳು ಒಬ್ಬಳೇ, ಅಣ್ಣನ ಮಗಳು ಕಸ್ತೂರಿ. ಆ ಹುಡುಗಿಯ ತಲೆ ಬಾಚಿ ಎರಡು ಜಡೆ ಹಾಕಿ ಶಾಲೆಗೆ ಕಳಿಸಿದ ದಿನಗಳನ್ನು ಬಿಟ್ಟರೆ, ಆ ವರ್ಷದಲ್ಲಿ ನೆನೆಯುವಂಥದ್ದು ಏನೂ ಇರಲಿಲ್ಲ. ಕಡೆಗೆ ಶಿವಕಾಂತಾ ತಾನೇ ಎದ್ದು ಆಳಂದಕ್ಕೆ ಬಂದಳು, ಟೈಪಿಂಗ್ ಕಲಿತಳು, ಕಂಪ್ಯೂಟರ್ ಕಲಿತಳು, ಒಂದು ಕೋಣೆ ಹಿಡಿದಳು. ಲಾಡ್ಲೆಸಾಬ ಅವಳನ್ನು ಬೇಟಿ ಎಂದ, ಅವಳು ಅವನನ್ನು ಚಾಚಾ ಎಂದಳು.

ಸ್ಟುಡಿಯೋದಲ್ಲಿ ಅವಳು ಹಾಕಿದ ರೂಢಿಗಳು ಎರಡು. ಒಂದು, ಸತ್ತವರ ಫೈಲಿನ ಹೆಸರಿನ ಮುಂದೆ 'ಲಿಂ' ಎಂದು ಹಚ್ಚುವುದು. ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರ ಹೆಸರನ್ನು ಹಾಗೆಯೇ ಬರೆಯುತ್ತಾರೆ, ಲಿಂಗೈಕ್ಯ ಎಂಬುದನ್ನು ಮೊಟಕು ಮಾಡಿ 'ಲಿಂ.' ಎಂದು. ಒಮ್ಮೆ ಹೆಸರುಗಳು ಕಲಸಿಹೋಗಿ, ಗಟ್ಟಿಮುಟ್ಟಾಗಿ ಓಡಾಡುತ್ತಿದ್ದ ಗೌಡನೊಬ್ಬನ ಫೋಟೋಕ್ಕೆ ನೀಲಿ ಆಕಾಶದ ಹಿನ್ನೆಲೆ, ಜನನ, ಮರಣ ಎಲ್ಲ ಬಿದ್ದು, ಅವನು ಅಂಗಡಿಯ ಮುಂದೆ ನಿಂತು ಮಾಡಿದ ರಾದ್ಧಾಂತ ಅಷ್ಟಿಷ್ಟಲ್ಲ. ಅಂದಿನಿಂದ ಈ ಲಿಂ ಶುರುವಾಯಿತು. ಬದುಕಿದ್ದವರು ಬೇರೆ, ಸತ್ತವರು ಬೇರೆ.

ಎರಡನೆಯದು, ತಿದ್ದಿದ ಫೋಟೋವನ್ನು ಯಾವ ನಮೂನೆಯಲ್ಲಿ ಉಳಿಸಬೇಕೆಂಬುದು. ಚಾಚಾನಿಗೆ ಅದನ್ನು ತಿಳಿಸಿ ಹೇಳಲು ಅವಳು ಪಟ್ಟ ಪಾಡು ದೇವರಿಗೇ ಗೊತ್ತು.

"ಚಾಚಾ, ಪಿಎಸ್‌ಡಿ ಅಂದ್ರ ಟ್ರಂಕಿನ್ಯಾಗ ಮಡಚಿಟ್ಟ ಸೀರಿ ಇದ್ದಂಗ. ಒಂದರ ಮ್ಯಾಲ ಒಂದು ಪದರ. ಬೇಕಾದ್ದು ತಗೀಬಹುದು, ಬ್ಯಾಡಾದ್ದು ಒಳಗೇ ಇಡಬಹುದು. ಜೆಪಿಜಿ ಅಂದ್ರ ಕೌದಿ. ಎಲ್ಲಾ ಸೀರಿ ಸೇರಿಸಿ ಹೊಲದಾಯ್ತು, ಮತ್ತ ಬಿಚ್ಚಿ ಉಡತೇನಿ ಅಂದ್ರ ಆಗಂಗಿಲ್ಲ."

"ಹಂಗಿದ್ರ ಕೌದಿ ಯಾಕ ಬೇಕು ಬೇಟಿ?"

"ಟ್ರಂಕ್ ಭಾರ. ಫ್ಲಾಪಿದಾಗ ಹಿಡಿಸಂಗಿಲ್ಲ. ಸೊಲ್ಲಾಪುರಕ್ಕ ಪ್ರಿಂಟಿಗಿ ಒಯ್ಯಬೇಕಂದ್ರ ಜೆಪಿಜಿನೇ ಬೇಕು. ಕೆಲಸ ನಡದಿರೋ ತನಕ ಪಿಎಸ್‌ಡಿ, ಕೆಲಸ ಪೂರಾ ಮುಗೀತು ಅಂದ ಮ್ಯಾಲ ಜೆಪಿಜಿ ಮಾಡಿ ದೊಡ್ಡದು ಅಳಿಸಿಬಿಡ್ರಿ. ಇಲ್ಲಂದ್ರ ಡಿಸ್ಕ್ ತುಂಬ್ತದ."

ಪರದೆಯ ಮೇಲೆ ಪ್ರತಿ ಪದರದ ಪಕ್ಕದಲ್ಲಿ ಒಂದು ಪುಟ್ಟ ಕಣ್ಣಿನ ಚಿತ್ರ ಇರುತ್ತದೆ. ಅದನ್ನು ಒತ್ತಿದರೆ ಪದರ ಮಾಯ, ಮತ್ತೆ ಒತ್ತಿದರೆ ಹಾಜರು. ಲಾಡ್ಲೆಸಾಬನಿಗೆ ಇದು ಬಹಳ ಹಿಡಿಸಿತು. ಜೀವಮಾನವೆಲ್ಲ ಕಣ್ಣು ತೆರೆಸಿದವನಲ್ಲವೇ. ಬಿಡುವಾದಾಗಲೆಲ್ಲ ಮಕ್ಕಳ ಹಾಗೆ ಕಣ್ಣು ತೆರೆ, ಕಣ್ಣು ಮುಚ್ಚು ಎಂದು ಆಡುತ್ತ ಕೂರುತ್ತಿದ್ದ.

ತೊಂಬತ್ತೆಂಟರ ಬೇಸಿಗೆಯಲ್ಲಿ ಚಂದ್ರಾಮಪ್ಪ ಬಂದ. ಶಿವಕಾಂತಾ ಆಳಂದಕ್ಕೆ ಬಂದು ಇಷ್ಟು ವರ್ಷವಾದರೂ ಅತ್ತ ಕಡೆ ತಲೆ ಹಾಕದಿದ್ದ ಅಣ್ಣ, ಬಗಲಲ್ಲಿ ಟವೆಲಿನಲ್ಲಿ ಸುತ್ತಿದ, ಗಾಜಿನ ಕಟ್ಟು ಹಾಕಿದ ಫೋಟೋ ಇಟ್ಟುಕೊಂಡು ಬಾಗಿಲಲ್ಲಿ ನಿಂತಾಗ, ಈ ಹುಚ್ಚಿಯ ಕಣ್ಣು ತುಂಬಿ ಬಂದವು. ತವರಿನಿಂದ ಒಂದು ನಾಯಿ ಬಂದರೂ ಖುಷಿಪಡುವ ಜಾತಿ ಈ ಹೆಣ್ಣುಮಕ್ಕಳದು.

ಟವೆಲು ಬಿಚ್ಚಿದ. ಎಂಬತ್ತಾರರಲ್ಲಿ, ಅವಳ ಮದುವೆ ಗೊತ್ತಾದಾಗ ಮನೆಯಲ್ಲೇ ತೆಗೆಸಿದ ಫೋಟೋ. ಅವ್ವ ಕುರ್ಚಿಯ ಮೇಲೆ, ಹಿಂದೆ ಅಣ್ಣ ವೈನಿ, ಪಕ್ಕದಲ್ಲಿ ರಿಬ್ಬನ್ ಕಟ್ಟಿದ ಪುಟ್ಟ ಕಸ್ತೂರಿ, ಮುಂದೆ ಚಾಪೆಯ ಮೇಲೆ ಶಿವಕಾಂತಾ. ಅವ್ವನ ಬಲಗೈ ಶಿವಕಾಂತಾಳ ಹೆಗಲ ಮೇಲಿತ್ತು. ಕುಡುಗೋಲಿಗೆ ಸಿಕ್ಕು ಮೊಂಡಾದ ತೋರುಬೆರಳು ಕೂಡ ಎದ್ದು ಕಾಣುತ್ತಿತ್ತು. ಅವ್ವ ಜೀವನದಲ್ಲಿ ಕ್ಯಾಮೆರಾದ ಮುಂದೆ ಕೂತದ್ದು ಅದೊಂದೇ ಸಲ.

"ಕಸ್ತೂರಿಗಿ ಮಣ್ಣೂರದಿಂದ ಸಂಬಂಧ ಬಂದದ" ಎಂದ ಚಂದ್ರಾಮಪ್ಪ. "ದೌಲತರಾಯರ ಮಗ. ಭೀಮಾ ದಂಡಿಗಿ ಹೊಲ, ಛಲೋ ಮನಿತನ."

"ಖರೇನಾ ಅಣ್ಣಾ? ನಮ್ಮ ಕಸ್ತೂರಿ ಅಷ್ಟು ದೊಡ್ಡಾಕಿ ಆದಳಾ?"

"ಆಗ್ಯಾಳ. ಈಗ ಅವರು ಮನಿ ನೋಡಾಕ ಬರ್ತಾರ. ನಮ್ಮ ಮಂದಿ ನಿನಗ ಗೊತ್ತಿಲ್ಲೇನು, ಮೊದಲು ಗೋಡಿ ನೋಡ್ತಾರ, ಆಮ್ಯಾಲ ಹುಡುಗಿ ನೋಡ್ತಾರ. ಇವರು ಯಾರು, ಎಲ್ಲಿಗಿ ಕೊಟ್ಟೀರಿ, ಈಗ ಎಲ್ಲಿ ಅದಾರ ಅಂತ ಒಂದೊಂದೇ ಕೇಳ್ತಾರ. ನಾ ಏನ್ ಹೇಳಲಿ ಹೇಳು ತಂಗೀ. ಗಂಡನ್ನ ಬಿಟ್ಟು ಆಳಂದದಾಗ ಒಬ್ಬಾಕಿನೇ ಅದಾಳ ಅಂತ ಹೇಳಲೇನು?"

ಶಿವಕಾಂತಾ ಫೋಟೋವನ್ನು ಅವನ ಕಡೆ ಸರಿಸಿದಳು. "ಹಂಗಿದ್ರ ಫೋಟೋನೇ ತಗದಿಡು."

"ಗೋಡಿ ಮ್ಯಾಲ ಚೌಕ ಬೆಳ್ಳಗ ಉಳಿತದ. ಅದನ್ನೂ ಕೇಳ್ತಾರ. ಮತ್ತ ಅವ್ವಂದು ಇದೊಂದೇ ಅಲ್ಲೇನು? ಮುದುಕೀನ್ನ ಗೋಡಿ ಮ್ಯಾಲಿಂದ ಇಳಸಲೇನು?"

ಅವ್ವನನ್ನು ಇಳಿಸುವಂತಿಲ್ಲ, ಆದ್ದರಿಂದ ನಿನ್ನನ್ನು ಇಳಿಸುತ್ತೇನೆ. ಬಂದ ಮಾತು ಇಷ್ಟೇ. ಆದರೆ ಅದನ್ನು ಅವನು ಬೆಣ್ಣೆಯಲ್ಲಿ ಅದ್ದಿ ಅದ್ದಿ ಹೇಳಿದ. ಈಗಿನ ಮಟ್ಟಿಗಷ್ಟೇ, ನೀನೇ ಕಂಪ್ಯೂಟರ್‌ದಾಗ ಮಾಡಿಕೊಡು, ಹೊರಗಿನವರಿಗೆ ಗೊತ್ತಾಗುವುದು ಬೇಡ ಎಂದ. ಮದುವೆಯ ದಿನ ನಾನೇ ಖುದ್ದು ಬಂದು ಕರೆದುಕೊಂಡು ಹೋಗುತ್ತೇನೆ ಎಂದ. "ಅಕ್ಕಿಕಾಳು ಹಾಕೋ ಹೊತ್ತಿನಾಗ ಸ್ವಾದರತ್ತಿ ಇಲ್ಲಂದ್ರ ನಡೀತದೇನು ಬೇ? ಒಮ್ಮೆ ಅಕ್ಕಿಕಾಳು ಬಿತ್ತಂದ್ರ ಮಣ್ಣೂರದವರು ಏನ್ ಮಾಡ್ತಾರ? ಅವ್ವನ ಆಣಿ ಮಾಡಿ ಹೇಳಾಕತ್ತೇನಿ" ಎಂದ.

ಅವ್ವನ ಆಣೆ ಎಂದ ಮೇಲೆ ಇನ್ನೇನು ಉಳಿಯಿತು. ಅಣ್ಣನ ಮೇಲೆ ಸಿಟ್ಟು ಬಂದಿತ್ತು, ಹೌದು. ಆದರೆ ಕಣ್ಣ ಮುಂದೆ ಎರಡು ಜಡೆಯ ಕಸ್ತೂರಿ ಬಂದು ನಿಂತಳು. ತನ್ನಿಂದ ಆ ಹುಡುಗಿಯ ಬಾಳು ಕೆಡಬಾರದು.

"ಮಾಡಿಕೊಡ್ತೇನಿ. ಆದ್ರ ಅಳಸಂಗಿಲ್ಲ ಅಣ್ಣಾ. ನನ್ನ ಬ್ಯಾರೆ ಪದರ ಮಾಡಿ ಕಣ್ಣ ಮುಚ್ಚಿ ಇಡತೇನಿ. ಮದಿವಿ ಆದ ಮ್ಯಾಲ ತೆರದು, ಪೂರಾ ಫೋಟೋ ದೊಡ್ಡದು ಮಾಡಿಸಿ ಗೋಡಿಗಿ ಹಾಕಬೇಕು."

ಅವನಿಗೂ ಟ್ರಂಕು ಕೌದಿಗಳ ಪಾಠವಾಯಿತು. ಗಮನವಿಟ್ಟು ಕೇಳಿದ. "ಅಂದ್ರ ನೀ ಒಳಗೇ ಇರ್ತಿ, ಮಂದಿಗಿ ಕಾಣಂಗಿಲ್ಲ, ಅಷ್ಟೇ ಹೌದಲ್ಲ ಬೇ" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಅಷ್ಟೊಂದು ಕಾಳಜಿಯಿಂದ ಕೇಳುತ್ತಿದ್ದಾನಲ್ಲ ಎಂದು ಅವಳ ಮನಸ್ಸು ಹಗುರಾಯಿತು. ಎಂಥ ಕಾಳಜಿಯೋ ಏನೋ.

ತನ್ನನ್ನು ತಾನೇ ಕತ್ತರಿಸಿ ತೆಗೆಯುವ ಕೆಲಸ ಯಾವ ಶತ್ರುವಿಗೂ ಬೇಡ. ಮೌಸಿನ ಗೆರೆಯಿಂದ ಕೂದಲಿನ ಅಂಚು ಸುತ್ತಿದಳು, ಕಿವಿ ಸುತ್ತಿದಳು, ಸೀರೆಯ ನೆರಿಗೆ ಸುತ್ತಿದಳು. ಹೆಗಲ ಹತ್ತಿರ ಬಂದಾಗ ಕೈ ನಿಂತಿತು. ಅವ್ವನ ಬೆರಳುಗಳು ಸೀರೆಯ ಮೇಲೆ ಊರಿಕೊಂಡು ಕೂತಿದ್ದವು. ಬೆರಳು ಅವ್ವನ ಕಡೆ ಹೋಗಬೇಕೋ, ತನ್ನ ಕಡೆ ಬರಬೇಕೋ? ಅವ್ವನ ಕಡೆ ಬಿಟ್ಟರೆ ಅವು ಗಾಳಿಯಲ್ಲಿ ತೇಲುತ್ತವೆ. ಅಳಿಸಿಬಿಡೋಣವೆಂದರೆ ಕೈ ಬರಲಿಲ್ಲ. ಕಡೆಗೆ ಬೆರಳುಗಳನ್ನೂ ಸೇರಿಸಿ ಸುತ್ತಿ ತನ್ನ ಪದರಕ್ಕೇ ಎಳೆದುಕೊಂಡಳು. ಅತ್ತ ಅವ್ವನ ಮೊಣಕೈಯಿಂದ ಕೆಳಗೆ ಸೆರಗು ಎಳೆದು ಮುಚ್ಚಿದಳು. ಖಾಲಿಯಾದ ಜಾಗಕ್ಕೆ ಚಾಪೆಯ ಗೀರು ತುಂಬಿದಳು. ಪದರಕ್ಕೆ 'ಶಿವಿ' ಎಂದು ಹೆಸರಿಟ್ಟು, ಅದರ ಕಣ್ಣು ಮುಚ್ಚಿ, ಪಿಎಸ್‌ಡಿ ಮಾಡಿ ಉಳಿಸಿದಳು. ಅಣ್ಣನ ಕೈಗೆ ಫ್ಲಾಪಿಯಲ್ಲಿ ಜೆಪಿಜಿ ಕೊಟ್ಟಳು.

"ಹಳೆ ಫೋಟೋ ಹೊಸಾದರ ಹಿಂದ, ಅದೇ ಕಟ್ಟಿನ್ಯಾಗ ಇಡು. ಜ್ವಾಕಿ" ಎಂದಳು.

"ನೀ ಹೇಳಬೇಕೇನು" ಎಂದು ಚಂದ್ರಾಮಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಹೋದ.

ಮಳೆಗಾಲ ಬಂತು. ಅಂದೋಲಾದಿಂದ ಸುದ್ದಿಯಿಲ್ಲ. ನಡುವೆ ಶಿವಕಾಂತಾಳಿಗೆ ಮಲೇರಿಯಾ ಬಂದು ಹಾಸಿಗೆ ಹಿಡಿದಳು. ಲಾಡ್ಲೆಸಾಬನ ಮನೆಯಿಂದ ಗಂಜಿ ಬರುತ್ತಿತ್ತು, ಬದುಕಿಕೊಂಡಳು. ಎದ್ದು ಓಡಾಡುವಂತಾದ ಮೇಲೆ ಮೊದಲು ಹೊಳೆದದ್ದು ಕಸ್ತೂರಿಯ ಮದುವೆ. ಆ ಪೂರಾ ಫೋಟೋವನ್ನು ಈಗಲೇ ತಯಾರು ಮಾಡಿಟ್ಟುಕೊಂಡು, ಅಣ್ಣ ಕರೆಯಲು ಬಂದಾಗ ಅವನ ಕೈಗೇ ಕೊಡಬೇಕು, ಅಕ್ಕಿಕಾಳು ಬಿದ್ದ ಮರುದಿನ ಗೋಡೆಗೆ ಹಾಕಿಸಬೇಕು ಎಂದು ಲೆಕ್ಕ ಹಾಕುತ್ತ ಕಂಪ್ಯೂಟರ್ ಹಚ್ಚಿದಳು.

ಪಿಎಸ್‌ಡಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಜೆಪಿಜಿಯೊಂದೇ ಇತ್ತು. ಅಂಗೈ ಅಗಲದ ಸಣ್ಣ ಫೈಲು. ಅದನ್ನು ತೆರೆದು ನೋಡುವ ಮೊದಲೇ ಅವಳಿಗೆ ತಿಳಿದುಹೋಯಿತು. ಅಷ್ಟು ಹಗುರ ಫೈಲಿನಲ್ಲಿ ಯಾವ ಪದರವೂ ಅಡಗಿ ಕೂರಲಾರದು. ಎಲ್ಲೋ ಬೇರೆ ಕಡೆ ಇಟ್ಟಿರಬಹುದೆಂದು ಹುಡುಕಿದಳು. ಹುಡುಕುತ್ತ ಸತ್ತವರ ಸಾಲಿಗೆ ಬಂದಾಗ ಕಣ್ಣು ನಿಂತಿತು. ಲಿಂ-ಶಿವಕಾಂತಾ.

ಬೇರೆ ಯಾರೋ ಶಿವಕಾಂತಾ ಇರಬೇಕು, ಪಾಪ, ಯಾವ ಊರಿನವಳೋ ಎಂದುಕೊಂಡೇ ತೆರೆದಳು. ಪರದೆಯ ಮೇಲೆ ನೀಲಿ ಆಕಾಶ ಮೇಲಿನಿಂದ ನಿಧಾನಕ್ಕೆ ಇಳಿಯಿತು, ಆಮೇಲೆ ಅವಳದೇ ಮುಖ ಇಳಿಯಿತು, ಅದರ ಕೆಳಗೆ ಅಕ್ಷರ ಇಳಿದವು. ಲಿಂ. ಶಿವಕಾಂತಾ. ಲಿಂಗೈಕ್ಯ: ೧೯೯೨.

ಗಂಡನ ಮನೆಯಿಂದ ಹೊರಬಿದ್ದ ವರ್ಷ. ಅದೊಂದು ಅಂಕಿಯ ಮೇಲೆ ಅವಳ ಕಣ್ಣು ನೆಟ್ಟುಹೋಯಿತು, ಚಿತ್ರದಲ್ಲಿ ಬೇರೇನೂ ಕಾಣಲಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಪರದೆ ಕಪ್ಪಾಯಿತು.

ಲಾಡ್ಲೆಸಾಬ ನಮಾಜು ಮುಗಿಸಿ ಬಂದಾಗ ಅವಳು ಕಪ್ಪು ಪರದೆಯ ಮುಂದೆಯೇ ಕೂತಿದ್ದಳು.

"ಚಾಚಾ, ನಾ ಯಾವಾಗ ಸತ್ತೆ?"

ಮುದುಕ ಸ್ಟೂಲ್ ಎಳೆದುಕೊಂಡು ಕೂತ.

"ನಿನಗ ಮಾಲೂಮ್ ಇಲ್ಲೇನು ಬೇಟಿ? ನೀ ಜ್ವರ ಬಂದು ಮಲಗಿದಾಗ ನಿನ್ನ ಅಣ್ಣ ಬಂದಿದ್ದ. ಮಣ್ಣೂರದವರು ಯಾರ ಬಾಯಲೇನೋ ಕೇಳ್ಯಾರಂತ, ಇವರಿಗೊಬ್ಬಾಕಿ ತಂಗಿ ಇದ್ದಳು ಅಂತ. ಅದಕ್ಕ ತೀರಿಕೊಂಡಾಳ ಅಂತ ಹೇಳ್ಯಾನಂತ. ಹಂಗ ಅಂದ ಮ್ಯಾಲ ಮನ್ಯಾಗ ಫೋಟೋ ಬೇಕಲ್ಲ. ತಂಗಿ ಒಪ್ಯಾಳ, ಆಕಿನೇ ಮಾಡಿಸ್ಕೋ ಅಂದಾಳ ಅಂದ."

"ನೀವು ನಂಬಿದ್ರಿ."

"ಮೊದಲನೇ ಸಲ ನಿನ್ನ ಕೈಲೇ ನೀ ತಗದಿದ್ದಿ ಬೇಟಿ. ನಾನೇ ಕಣ್ಣಾರೆ ನೋಡೇನಿ. ಹಂಗಾಗಿ ಇದೂ ನಿನಗ ಗೊತ್ತದ ಅಂತ ತಿಳಕೊಂಡೆ. ಜಿಂದಾ ಇರೋರಿಗಿ ಲಿಂ ಹಚ್ಚೋದು ಛಲೋ ಅಲ್ಲ ಅಂತ ಒಂದು ಮಾತು ಅಂದೆ. ಕಾಗದದ ಮ್ಯಾಲ ಸತ್ರ ಯಾರೂ ಸಾಯಂಗಿಲ್ಲ ಸಾಬ್ರೆ ಅಂತ ನಕ್ಕ. ಶಿವಿ ಪದರದ ಕಣ್ಣ ತೆರದೆ, ಉಳದದ್ದರ ಕಣ್ಣ ಮುಚ್ಚಿದೆ. ನೀ ಅಷ್ಟು ಚಂದ ಕತ್ತರಿಸಿ ಇಟ್ಟಿದ್ದಿ, ನನಗ ಏನೂ ಕೆಲಸ ಇರಲಿಲ್ಲ."

ಕೇಳಿದಿರಾ? ಹಿಂದಕ್ಕೆ ಬರಲೆಂದು ಅವಳು ಕಾಪಿಟ್ಟ ಪದರವೇ ಗೋಡೆಗೆ ನೇತುಹಾಕಲು ತಯಾರು ಮಾಲು ಆಯಿತು. ಅಳಿಸಿಬಿಟ್ಟಿದ್ದರೆ ಅವಳನ್ನು ಸಾಯಿಸಲು ಅವರಿಗೆ ಒಂದು ಫೋಟೋವೂ ಸಿಗುತ್ತಿರಲಿಲ್ಲ. ಅಣ್ಣ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡದ್ದು ಈಗ ಅವಳಿಗೆ ನೆನಪಾಯಿತು.

"ಪಿಎಸ್‌ಡಿ ಯಾಕ ಅಳಿಸಿದ್ರಿ?"

"ಕೆಲಸ ಪೂರಾ ಮುಗೀತು, ಇನ್ನ ಬ್ಯಾಡ ಅಂತ ಅವನೇ ಹೇಳಿದ. ಕೆಲಸ ಮುಗದ್ರ ಅಳಸ್ರಿ ಅಂತ ನೀನೇ ಕಲಿಸಿದ್ದಿ. ನಂದು ಗಲತಿ ಆತು ಬೇಟಿ. ಒಂದು ಮಾತು ನಿನ್ನ ಕೇಳಬೇಕಿತ್ತು." ಆಮೇಲೆ ಹೇಳಿದ, "ಸಂಗಟ ಹುಡುಗೀನೂ ಬಂದಿದ್ದಳು, ಕಸ್ತೂರಿ. ಅತ್ತಿಗಿ ಎಲ್ಲಾ ಗೊತ್ತದ ಅಜ್ಜಾ ಅಂತ ಆಕಿನೂ ಅಂದಳು. ಅದಕ್ಕೇ ನಾ ಪೂರಾ ನಂಬಿದೆ."

ಸುಳ್ಳು ಎಂದುಕೊಂಡಳು ಶಿವಕಾಂತಾ. ಹೆದರಿಸಿ ಹೇಳಿಸಿರಬೇಕು. ಅಪ್ಪ ಪಕ್ಕದಲ್ಲಿ ನಿಂತು ಕಣ್ಣು ಬಿಟ್ಟರೆ ಹುಡುಗಿ ಪಾಪ ಏನು ಮಾಡೀತು. ಆದರೆ ಎರಡೇ ಗಲ್ಲಿ ದಾಟಿದರೆ ತನ್ನ ಕೋಣೆ. ಜ್ವರದಲ್ಲಿ ನರಳುತ್ತಿದ್ದ ಅತ್ತೆಯನ್ನು ನೋಡಲು ಬರಲಿಲ್ಲ, ಅವಳ ಸಾವಿನ ಫೋಟೋ ಮಾಡಿಸಿಕೊಂಡು ಬಸ್ಸು ಹತ್ತಿದರು. ಇದನ್ನು ಯಾವ ಕಡೆಯಿಂದ ನೋಡಿದರೂ ಸಮಾಧಾನವಾಗಲಿಲ್ಲ.

ಇನ್ನು ಉಳಿದದ್ದು ಒಂದೇ, ಕಟ್ಟಿನಲ್ಲಿ ಹೊಸದರ ಹಿಂದೆ ಇಟ್ಟ ಹಳೆಯ ಫೋಟೋ. ಅದೊಂದು ಕೈಗೆ ಸಿಕ್ಕರೆ ಅವ್ವನೂ ತಾನೂ ಒಟ್ಟಿಗೆ ಇದ್ದದ್ದು ಸುಳ್ಳಾಗುವುದಿಲ್ಲ. ಮರುದಿನ ಬೆಳಿಗ್ಗೆ ಕಲಬುರ್ಗಿ ಬಸ್ಸು ಹಿಡಿದಳು. ಅಲ್ಲಿಂದ ಜೇವರ್ಗಿ, ಜೇವರ್ಗಿಯಿಂದ ಅಂದೋಲಾ. ದಾರಿಯುದ್ದಕ್ಕೂ ಅಣ್ಣನಿಗೆ ಅನ್ನಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು.

ಮನೆಯ ಮುಂದೆ ಎರಡು ಜೀಪು ನಿಂತಿದ್ದವು. ಕಟ್ಟೆಯ ಕೆಳಗೆ ಚಪ್ಪಲಿಗಳ ರಾಶಿ. ಒಳಗಿನಿಂದ ಹೂರಣದ ವಾಸನೆ ಬರುತ್ತಿತ್ತು. ಮಣ್ಣೂರದವರು ಕಸ್ತೂರಿಗೆ ಸೀರೆ ಉಡಿಸಿ ಮಾತು ಗಟ್ಟಿ ಮಾಡಲು ಅದೇ ದಿನ ಬಂದಿದ್ದರು. ಅವಳಿಗೆ ಯಾರು ಹೇಳಿದ್ದರು? ಸತ್ತವರಿಗೆ ಯಾರಾದರೂ ಆಮಂತ್ರಣ ಕಳಿಸುತ್ತಾರೆಯೇ? ಅವಳು ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು.

ಎದುರಿಗೆ ಗೋಡೆ. ಅವ್ವ ಕುರ್ಚಿಯ ಮೇಲೆ ಕೂತಿದ್ದಳು, ಬಲಗೈ ಸೆರಗಿನೊಳಗೆ. ಅವಳ ಪಕ್ಕದ ಮೊಳೆಗೆ ಶಿವಕಾಂತಾ. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಎರಡೂ ಹೆಗಲು ಮುಚ್ಚುವಂತೆ ದಪ್ಪನೆಯ ಪ್ಲಾಸ್ಟಿಕ್ ಹೂವಿನ ಹಾರ, ಕೆಳಗೆ ಹೊಗೆಯಾಡುವ ಊದಿನಕಡ್ಡಿ. ತನ್ನ ಹೆಸರಿನಲ್ಲಿ ಹಚ್ಚಿದ ಊದಿನಕಡ್ಡಿಯ ವಾಸನೆಯನ್ನು ತಾನೇ ಮೂಸುತ್ತ ನಿಂತಳು.

ಫಳಾರದ ತಾಟು ಹಿಡಿದ ನಿಂಬೆವ್ವ ನಿಂತಲ್ಲೇ ನಿಂತಳು. ಚಂದ್ರಾಮಪ್ಪ ಕೂತಲ್ಲಿಂದ ಅರ್ಧಕ್ಕೆ ಎದ್ದ. ಜಮಖಾನೆಯ ಮೇಲೆ ಕೂತಿದ್ದ ಹಿರಿಯ ಹೆಂಗಸು, ದೌಲತರಾಯನ ಹೆಂಡತಿ, ತಲೆಯೆತ್ತಿ ಕೇಳಿದಳು.

"ಯಾರ್ರಿ ಇವರು?"

ಚಂದ್ರಾಮಪ್ಪ ಬಾಯಿ ತೆರೆಯುವುದಕ್ಕೂ ಮೊದಲು, ನಿಂಬೆವ್ವ ತಾಟು ಕೆಳಗಿಡುವುದಕ್ಕೂ ಮೊದಲು, ಹೊಸ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದ ಕಸ್ತೂರಿ ಹೇಳಿದಳು.

"ಫೋಟೋ ಸ್ಟುಡಿಯೋದವರು ಅದಾರ್ರಿ. ಆಳಂದದವರು."

ತೊದಲಲಿಲ್ಲ, ತಡವರಿಸಲಿಲ್ಲ. ಕಣ್ಣಲ್ಲಿ ಭಯವೂ ಇರಲಿಲ್ಲ. ಅತ್ತೆಯ ಮುಖ ನೋಡಿಕೊಂಡೇ ಹೇಳಿದಳು. ಯಾರೂ ಹೆದರಿಸಿ ಹೇಳಿಸಿದ ಮಾತಾಗಿರಲಿಲ್ಲ ಅದು. ಅಣ್ಣ ಮಾಡಿದ್ದು ಮೋಸವಾಗಿತ್ತು, ಸಿಟ್ಟು ಬಂದಿತ್ತು. ಇದು ಹಾಗಲ್ಲ. ಶಿವಕಾಂತಾಳ ಒಳಗೆ ಏನೋ ಒಂದು ಸಪ್ಪಳವಿಲ್ಲದೆ ಕುಸಿದು ಕೂತಿತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

ದೌಲತರಾಯ ಒಮ್ಮೆ ಗೋಡೆ ನೋಡಿದ, ಒಮ್ಮೆ ಅವಳನ್ನು ನೋಡಿದ. "ತೀರಿಕೊಂಡ ಹೆಣ್ಣಮಗಳಂಗೇ ಕಾಣ್ತಾರಲ್ಲ ಇವರು" ಎಂದ.

"ಒಬ್ಬರಂಗ ಒಬ್ಬರು ಇರ್ತಾರ್ರಿ" ಎಂದು ಚಂದ್ರಾಮಪ್ಪ ಒಣ ನಗೆ ನಕ್ಕ.

ಒಂದೇ ಮಾತು ಸಾಕಿತ್ತು. ನಾನೇ ಆಕಿ ಎಂದುಬಿಟ್ಟಿದ್ದರೆ ಜೀಪುಗಳು ಊಟ ಮಾಡದೆ ಮಣ್ಣೂರಕ್ಕೆ ತಿರುಗುತ್ತಿದ್ದವು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಶಿವಕಾಂತಾ ಕಸ್ತೂರಿಯನ್ನು ನೋಡಿದಳು. ಹುಡುಗಿಗೆ ಈಗ ಒಂದೇ ಜಡೆ, ಅದನ್ನೂ ವಾರೆಯಾಗಿ ಹಾಕಿಕೊಂಡಿದ್ದಳು, ಬೈತಲೆ ಸರಿಯಿರಲಿಲ್ಲ.

"ಹೌದ್ರಿ, ಸ್ಟುಡಿಯೋದಾಕಿನೇ" ಎಂದಳು. "ಈ ಫೋಟೋದಾಗ ನಮ್ಮಿಂದ ಒಂದು ತಪ್ಪಾಗ್ಯದ. ತಿದ್ದಾಕ ಒಯ್ಯಾಕ ಬಂದೇನಿ."

"ಏನ್ ತಪ್ಪವ್ವಾ?" ಎಂದಳು ಹಿರಿಯ ಹೆಂಗಸು.

"ಇಸ್ವಿ ತಪ್ಪು ಬಿದ್ದದ್ರಿ."

ಯಾರ ಅಪ್ಪಣೆಗೂ ಕಾಯದೆ ಗೋಡೆಯ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ತನ್ನನ್ನು ತಾನು ಮೊಳೆಯಿಂದ ಇಳಿಸಿಕೊಂಡಳು. ಹಾರ ಸಮೇತ ಬಗಲಲ್ಲಿ ಇಟ್ಟುಕೊಂಡು ಹೊರಗೆ ಬಂದಳು. ಚಂದ್ರಾಮಪ್ಪ ಹಿಂದೆಯೇ ಅಂಗಳಕ್ಕೆ ಓಡಿ ಬಂದ.

"ದೊಡ್ಡ ಉಪಕಾರ ಆತು ಬೇ" ಎಂದ ಪಿಸುಮಾತಿನಲ್ಲಿ. "ಮದಿವಿ ಒಂದು ಆಗಲಿ, ಎಲ್ಲಾ ಸರಿ ಮಾಡ್ತೇನಿ."

"ಹಳೆ ಫೋಟೋ ಕೊಡು."

ಅವನು ನೆಲ ನೋಡಿದ. "ಮಣ್ಣೂರದವರು ಎಲ್ಲರೆ ಕಟ್ಟು ಬಿಚ್ಚಿ ನೋಡಿದ್ರ ಅಂತ ಅಂಜಿಕಿ ಬಂತು. ನಿಮ್ಮ ವೈನಿ ಒಲಿಗಿ ಹಾಕಿದಳು."

"ಅವ್ವನ್ನೂ?"

"ಅವ್ವ ಗೋಡಿ ಮ್ಯಾಲ ಅದಾಳಲ್ಲ. ನೀ ಮಾಡಿಕೊಟ್ಟಿದ್ದು."

ಅವಳು ಅವನ ಮುಖವನ್ನೇ ನೋಡಿದಳು. ಅವ್ವನ ಆಣೆ ಮಾಡಿದ ಬಾಯಿ ಅದೇ, ತಲೆಯ ಮೇಲೆ ಇಟ್ಟ ಕೈಯೂ ಅದೇ. ಉಗಿಯಬೇಕೆನಿಸಿತು, ಉಗಿಯಲಿಲ್ಲ.

"ತೊಂಬತ್ತೆರಡರಾಗ ನಾ ಸತ್ತಿರಲಿಲ್ಲ ಅಣ್ಣಾ. ನಿನ್ನಿ ತನಕ ಜೀವ ಇತ್ತು. ಇವತ್ತಿನ ತಾರೀಖು ನೋಡಿಕೋ, ಯಾರರೆ ಕೇಳಿದ್ರ ಇದನ್ನೇ ಹೇಳು. ಮತ್ತ ಇನ್ನ ಕರಿಯಾಕ ಬರಬ್ಯಾಡ. ಕೌದಿ ಹೊಲದೀ. ಇನ್ನ ಅದರಾಗಿಂದ ಸೀರಿ ತಗಿಯಾಕ ಬರಂಗಿಲ್ಲ."

ಬಾಗಿಲ ಕಡೆ ಒಮ್ಮೆ ನೋಡಿದಳು. ಕಸ್ತೂರಿ ಹೊರಗೆ ಬರಲಿಲ್ಲ.

ಜೇವರ್ಗಿಯ ಬಸ್ಸಿನಲ್ಲಿ ಜನ ತುಂಬಿದ್ದರು. ಕಂಡಕ್ಟರು ಅವಳ ಬಗಲಲ್ಲಿ ಹಾರ ಹಾಕಿದ ಫೋಟೋ ನೋಡಿ ಒಬ್ಬನನ್ನು ಎಬ್ಬಿಸಿ ಜಾಗ ಮಾಡಿಸಿಕೊಟ್ಟ.

"ಕೂಡ್ರಿ ಅಕ್ಕಾ. ನಿಮ್ಮವರೇನ್ರಿ?"

"ಹೌದ್ರಿ. ನಮ್ಮಾಕಿನೇ."

ಅವನು ಲೊಚಗುಟ್ಟಿ ಮುಂದೆ ಹೋದ. ಶಿವಕಾಂತಾ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ವಿಭೂತಿ ಒರೆಸಿದಳು, ಕುಂಕುಮ ಒರೆಸಿದಳು. ಹಾರ ತೆಗೆದು ಕಿಟಕಿಯಿಂದ ಹೊರಗೆ ಎಸೆದಳು. ಹಾರ ಹೋದ ಮೇಲೆ ಹೆಗಲು ಕಂಡಿತು.

ಹೆಗಲ ಮೇಲೆ ನಾಲ್ಕು ಬೆರಳಿದ್ದವು. ಕೈಯಿಲ್ಲ, ತೋಳಿಲ್ಲ, ನೀಲಿ ಆಕಾಶದಿಂದ ಇಳಿದು ಬಂದು ಸೀರೆಯನ್ನು ಹಿಡಿದುಕೊಂಡ ಬರೀ ಬೆರಳು. ತೋರುಬೆರಳು ಮೊಂಡು. ಜೆಪಿಜಿ ಮಾಡಿದ್ದರಿಂದ ಅಂಚು ಸಣ್ಣ ಸಣ್ಣ ಚೌಕವಾಗಿ ಒಡೆದಿತ್ತು, ಆದರೂ ಅವ್ವನ ಬೆರಳೆಂದು ಗುರುತು ಸಿಗುತ್ತಿತ್ತು. ಸತ್ತವರ ಕಣ್ಣು ತೆರೆಸಿದ ಲಾಡ್ಲೆಸಾಬನಿಗೆ ಅದನ್ನು ಒರೆಸಿ ಹಾಕಲು ಮನಸ್ಸಾಗಿರಲಿಲ್ಲ. ಅಣ್ಣ ಹಾರದ ಕೆಳಗೆ ಮುಚ್ಚಿಬಿಟ್ಟಿದ್ದ.

ಆಗ ಅವಳಿಗೆ ಅಳು ಬಂತು. ಬಸ್ಸಿನವರು ಯಾರೂ ಏನೂ ಕೇಳಲಿಲ್ಲ, ಮನೆಯಲ್ಲಿ ಸಾವಾದವರು ಅಳುವುದು ಸಹಜವೆಂದು ಸುಮ್ಮನಿದ್ದರು. ಅವಳು ಆ ನಾಲ್ಕು ಬೆರಳಿನ ಮೇಲೆ ತನ್ನ ಕೈಯಿಟ್ಟುಕೊಂಡು ಜೇವರ್ಗಿಯವರೆಗೂ ಅತ್ತಳು.